ಆಮೆಗಳ ಜೋಗುಳ

ಏಳು ವರ್ಷದ ಯುದ್ಧ ಮುಗಿದಿತ್ತು. ಮೊದಲು ಯಾರು ಮಲಗಬೇಕು ಎಂಬುದೊಂದು ಮಾತ್ರ ತೀರ್ಮಾನವಾಗದೆ ಉಳಿದಿತ್ತು. ಮನುಷ್ಯರು ಮಲಗುವ ಮಾತಲ್ಲ, ಅವರು ಆ ಏಳು ವರ್ಷವೂ ನೆಟ್ಟಗೆ ಮಲಗಿರಲಿಲ್ಲ. ಮಲಗಬೇಕಾದದ್ದು ಆಮೆಗಳು.

ಆಮೆ ಎಂಬುದು ದೇವಗುಂಡಿ ಬಂದರಿನ ಮೀನುಗಾರರು ಇಟ್ಟ ಹೆಸರು. ನೌಕಾಪಡೆಯ ಕಾಗದಗಳಲ್ಲಿ ಅದಕ್ಕೆ ನಾಲಿಗೆ ಹೊರಳದ ಇನ್ನೊಂದು ಹೆಸರಿತ್ತು. ಮೀನಿನ ಬುಟ್ಟಿಯಷ್ಟು ಅಗಲದ ಕಬ್ಬಿಣದ ಚಿಪ್ಪು. ಒಳಗೆ ಸಿಡಿಮದ್ದು, ಮದ್ದಿನ ಜೊತೆಗೊಂದು ಕಿವಿ, ಕಿವಿಯ ಹಿಂದೆ ಅಷ್ಟಿಷ್ಟು ಬುದ್ಧಿ. ಕಡಲ ತಳದ ಕೆಸರಿನಲ್ಲಿ ಕೂತು ಮೇಲೆ ಹಾಯುವ ಸದ್ದನ್ನು ಕೇಳುತ್ತಿರುತ್ತದೆ. ಪರಿಚಯದ ಸದ್ದಾದರೆ ಸುಮ್ಮನಿರುತ್ತದೆ. ಶತ್ರುವಿನದಾದರೆ ಕೆಸರು ಕೊಡವಿಕೊಂಡು ಮೇಲೆದ್ದು ಸಿಡಿಯುತ್ತದೆ. ಒಂದು ಆಮೆ ಕಲಿತ ಪಾಠವನ್ನು ಟಿಕ್ ಟಿಕ್ ಎಂದು ಪಕ್ಕದ್ದಕ್ಕೆ ಹೇಳಿಕೊಡುತ್ತದೆ, ಅದು ಮುಂದಿನದಕ್ಕೆ. ಹೀಗೆ ಹೊಸ ಪಾಠವೊಂದು, ಹೊಳೆ ಕಡಲು ಸೇರುವ ಇಡೀ ಅಳಿವೆಯ ಬಾಯಿಗೆ ಹಬ್ಬಲು ಎರಡು ದಿನ ಬೇಕು.

ಕರಾವಳಿ ಒಕ್ಕೂಟ ತನ್ನ ಬಂದರು ಕಾಯಲೆಂದು ಆಮೆಗಳನ್ನು ಬಿಟ್ಟಿತ್ತು. ಆ ಬಂದರಿನಿಂದ ಯಾರೂ ಹೊರಗೆ ಬರಬಾರದೆಂದು ದ್ವೀಪ ಒಕ್ಕೂಟ ತನ್ನ ಆಮೆಗಳನ್ನು ಬಿಟ್ಟಿತ್ತು. ಎರಡೂ ಕಡೆಯವು ಒಂದೇ ಕೆಸರಿನಲ್ಲಿ ಅಕ್ಕಪಕ್ಕ ಕೂತಿದ್ದವು. ಅವುಗಳನ್ನು ಮಲಗಿಸಲು ಎರಡೂ ಪಕ್ಷದವರ ಬಳಿ ತಂತಮ್ಮ ಜೋಗುಳವಿತ್ತು, ನೀರಿನಡಿ ನುಡಿಸುವ ಗುಟ್ಟಿನ ಸದ್ದು ಅದು. ಒಮ್ಮೆ ಮಲಗಿದ ಆಮೆಯನ್ನು ಮತ್ತೆ ಎಬ್ಬಿಸಬೇಕಾದರೆ ಮುಳುಗುವವನು ತಳಕ್ಕಿಳಿದು ಕೈಯಿಂದಲೇ ಎಬ್ಬಿಸಬೇಕು. ಕಗ್ಗಂಟು ಇದ್ದದ್ದು ಅಲ್ಲಿಯೇ. ನಮ್ಮವು ಮಲಗಿದರೆ ಅವರ ಹಡಗು ಒಳಗೆ ಬರುತ್ತದೆ ಎಂದು ಇವರು, ನಮ್ಮವು ಮಲಗಿದರೆ ಇವರ ಹಡಗು ಹೊರಗೆ ಬರುತ್ತದೆ ಎಂದು ಅವರು. ಒಟ್ಟಿಗೇ ಮಲಗಿಸೋಣವೆಂದರೆ, ಎದುರಿನವರ ಆಮೆಯದ್ದು ಕಳ್ಳನಿದ್ದೆಯಲ್ಲ ಎಂದು ನಂಬುವುದು ಹೇಗೆ? ಬಂದರಿನ ಅತಿಥಿಗೃಹದಲ್ಲಿ ಎರಡು ಕಡೆಯ ರಾಯಭಾರಿಗಳು ಕೂತು ‘ನೀವು ಮೊದಲು, ಇಲ್ಲ ನೀವು’ ಎನ್ನುತ್ತಿದ್ದರು. ಊಟಕ್ಕೆ ಕರೆದ ಮನೆಯ ಬಾಗಿಲಲ್ಲಿ ನಿಂತ ನೆಂಟರಾಗಿದ್ದರೆ ಅದನ್ನು ಉಪಚಾರ ಎನ್ನಬಹುದಿತ್ತು.

ಈ ಬದಿಯ ಆಮೆಗಳಿಗೆ ಪಾಠ ಹೇಳಿದವಳು ನಾಗವೇಣಿ. ಅವಳದು ಚಿತ್ರದುರ್ಗ, ಕಡಲಿರಲಿ, ಕೆರೆ ತುಂಬಿದ್ದನ್ನೂ ಅಪರೂಪಕ್ಕೆ ಕಂಡ ಊರು. ಶಬ್ದಶಾಸ್ತ್ರ ಓದಿ, ಯುದ್ಧದ ಎರಡನೇ ವರ್ಷ, ನೀರಿನಡಿಯ ಸದ್ದಿಗೆ ಕಿವಿಗೊಟ್ಟು ಕೂರುವ ದೇವಗುಂಡಿಯ ಕೇಳುಕೋಣೆಗೆ ಬಂದಳು. ನಮ್ಮ ಮೀನುಗಾರರನ್ನು ಆಮೆಗಳು ಮುಟ್ಟಬಾರದಲ್ಲ, ಅದಕ್ಕಾಗಿ ಬಂದರಿನ ಒಂದೊಂದೇ ಬೋಟಿನ ಇಂಜಿನ್ ಸದ್ದನ್ನು ಹಿಡಿದು ‘ಇದು ನಮ್ಮದು’ ಎಂದು ಕಲಿಸಿದಳು. ಆಗ ಬೋಟುಗಳ ಗುರುತು ಹೇಳಲು ಜೊತೆಗೆ ಬರುತ್ತಿದ್ದವನು ಉಮಾಕಾಂತ ಹರಿಕಂತ್ರ. ‘ಇದು ಕೆಮ್ಮೂ ಇಂಜಿನು, ಇದು ಬೆಳಿಗ್ಗೆ ಮಾತ್ರ ಸಿಟ್ಟು ಮಾಡೂ ಇಂಜಿನು’ ಎಂದು ಅವನು ಹೇಳುತ್ತಿದ್ದರೆ ಅವಳು ನಕ್ಕೂ ನಕ್ಕೂ ಸದ್ದು ಹಿಡಿಯುವುದನ್ನೇ ಮರೆಯುತ್ತಿದ್ದಳು. ಮರುವರ್ಷ ಅವನನ್ನೇ ಮದುವೆಯಾದಳು.

ಕಳೆದ ದೀಪಾವಳಿಯ ಹಿಂದಿನ ದಿನ ಉಮಾಕಾಂತನ ಬೋಟು ಅಳಿವೆಯ ಹತ್ತಿರ ಒಡೆದು ಹೋಯಿತು. ಹಲಗೆ ಸಿಕ್ಕಿತು, ಅವನು ಸಿಗಲಿಲ್ಲ. ನಾಗವೇಣಿ ಅವತ್ತು ಹಬ್ಬದ ರಜೆಯಲ್ಲಿ ಮನೆಯಲ್ಲಿದ್ದಳು, ಸ್ಫೋಟದಲ್ಲಿ ಅಕ್ಕಪಕ್ಕದ ಆಮೆಗಳೂ ಸಿಡಿದದ್ದರಿಂದ ಮೊದಲು ಎದ್ದದ್ದು ಯಾರದೆಂದು ಕೇಳುಕೋಣೆಗೆ ತಿಳಿಯಲಿಲ್ಲ. ‘ನಮ್ಮ ಆಮೆಗೆ ನಿಮ್ಮ ಮಗನ ಇಂಜಿನ್ ಸದ್ದು ಬಾಯಿಪಾಠ ಅತ್ತೆ, ಇದು ಶತ್ರುವಿನದೇ’ ಎಂದು ನಾಗವೇಣಿ ಅತ್ತೆಯ ಮುಂದೆ ಆಣೆ ಮಾಡಿ ಹೇಳಿದ್ದಳು. ಹಾಗೆ ಹೇಳಲು ಒಂದು ಆಧಾರವಾದರೂ ಇದೆ ಎನ್ನುವುದೇ ಅವಳನ್ನು ಇಷ್ಟು ದಿನ ನಿಲ್ಲಿಸಿತ್ತು.

ಈಗ ನೂಲು ಹುಣ್ಣಿಮೆ ಬಂದಿತ್ತು. ಮಳೆಗಾಲದ ಸಿಟ್ಟು ಇಳಿದ ಕಡಲಿಗೆ ತೆಂಗಿನಕಾಯಿ ಕೊಟ್ಟು, ಮತ್ತೆ ಮೀನಿಗೆ ಹೋಗಲು ಅಪ್ಪಣೆ ಕೇಳುವ ದಿನ. ಯುದ್ಧದ ಏಳು ವರ್ಷವೂ ಹಬ್ಬ ನಿಂತೇ ಹೋಗಿತ್ತು. ಗುಂಡಿನ ಸದ್ದು ನಿಂತಿದೆ ಎಂದು ರೇಡಿಯೋ ಹೇಳಿದ್ದೇ ಸಾಕು, ಒಪ್ಪಂದಕ್ಕೆ ಸಹಿ ಬೀಳುವವರೆಗೆ ಕಾಯುವ ತಾಳ್ಮೆ ಊರಿಗಿರಲಿಲ್ಲ. ಬಂದರಿನ ನೌಕಾಪಡೆಯ ಮುಖ್ಯಸ್ಥ ಕಮೋಡೋರ್ ಬಿದ್ದಪ್ಪನವರೂ ಗುರುತಿನ ಇಂಜಿನ್ ಬೋಟುಗಳಾದರೆ ಹೋಗಬಹುದು ಎಂದು ಅಪ್ಪಣೆ ಕೊಟ್ಟಿದ್ದರು.

ಅತ್ತೆ ಚಂದ್ರಭಾಗಿ ಬೆಳಿಗ್ಗೆಯೇ ಜಗಲಿಯಲ್ಲಿ ಕೂತು ಕಾಯಿಗೆ ಅರಿಶಿನ ಹಚ್ಚುತ್ತಿದ್ದರು. ಮೀನುಪೇಟೆಯಲ್ಲಿ ಬುಟ್ಟಿ ಇಟ್ಟು ಇಬ್ಬರು ಗಂಡುಮಕ್ಕಳನ್ನು ಸಾಕಿದ ಹೆಂಗಸು. ಮನಸ್ಸಿನಲ್ಲಿ ಕಲ್ಮಶವಿಲ್ಲ, ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಅವರ ಕಿವಿಗೆ ಬಿದ್ದ ಸುದ್ದಿ ಪೇಟೆಯ ಆ ತುದಿ ಮುಟ್ಟಲು ಆಮೆಗಳ ಹಾಗೆ ಎರಡು ದಿನವೇನೂ ಬೇಕಾಗಿರಲಿಲ್ಲ.

“ದೇವಿದಾಸ ಇಂಜಿನ್ ಬೋಟಲ್ಲೇ ತಾನೇ ಹೋಗೋದು, ಅತ್ತೆ?” ನಾಗವೇಣಿ ಚಪ್ಪಲಿ ಮೆಟ್ಟುತ್ತ ಕೇಳಿದಳು.

“ಮತ್ತೆಂತ ಈಜ್ಕಂಡು ಹೋಗೂದ್ಯ? ಇಂಜಿನ್ ಬೋಟೇ. ನೀ ಎಂತಕೆ ಅಷ್ಟು ಹೆದರ್ತೆ? ಹೋಗೂದು, ಕಾಯಿ ಬಿಡೂದು, ಬರೂದು.”

ಒಳಗಿನಿಂದ ಗುಮಟೆ ವಾದ್ಯದ ಚರ್ಮ ಬಿಗಿಮಾಡುತ್ತ ಮೈದುನ ದೇವಿದಾಸ ಕೂಗಿದ: “ಅತ್ತಿಗೆ, ನೀವೇ ಸದ್ದು ಹಿಡ್ಕಂಡ ಇಂಜಿನು. ನಿಮ್ಮ ಆಮೆಗೆ ನನ್ನ ಗುರ್ತ ಉಂಟು.”

ಉಳಿದಿದ್ದ ಒಬ್ಬನೇ ಮಗ. ಅವನು ಹೊರಡುವುದನ್ನು ನೋಡುವಾಗ ಅತ್ತೆ ಕಾಯಿಯ ಮೇಲಿನ ಕೈ ನಿಲ್ಲಿಸಿ ಒಂದು ಗಳಿಗೆ ಗೋಡೆಯ ಮೇಲಿನ ಉಮಾಕಾಂತನ ಪಟ ನೋಡಿದರು. ನಾಗವೇಣಿ ಮನಸ್ಸಿನಲ್ಲೇ ಇನ್ನೊಮ್ಮೆ ಲೆಕ್ಕ ಹಾಕಿದಳು. ತಪ್ಪೇನೂ ಕಾಣಲಿಲ್ಲ. ಇಂಜಿನ್ ಇದೆ, ಸದ್ದು ಕಲಿಸಿಯಾಗಿದೆ. ಕೆಲಸಕ್ಕೆ ಹೊರಟಳು.

ಕೇಳುಕೋಣೆಯಲ್ಲಿ ಲಾರೋ ಆಗಲೇ ತನ್ನ ಕುರ್ಚಿಯಲ್ಲಿದ್ದ. ದ್ವೀಪದವರ ಕೇಳುಗ ಅವನು. ಕದನವಿರಾಮದ ಷರತ್ತಿನಂತೆ ಅವರ ಒಬ್ಬ ಕೇಳುಗ ಇಲ್ಲಿ, ನಮ್ಮವನೊಬ್ಬ ದೂರದಲ್ಲಿ ಲಂಗರು ಹಾಕಿದ್ದ ಅವರ ಹಡಗಿನಲ್ಲಿ. ಅವನ ತೊಡೆಯ ಮೇಲೆ ಅರಗಿನ ಮುದ್ರೆ ಹಾಕಿದ ಪೆಟ್ಟಿಗೆ, ಅದರಲ್ಲಿ ಅವರ ಜೋಗುಳ. ಅವನ ಬೆನ್ನ ಹಿಂದೆ ಬಂದೂಕು ಹಿಡಿದ ಕಾವಲಿನವ, ಉತ್ತರದ ಕಡೆಯಿಂದ ಬಂದವನು, ಕನ್ನಡದ ಒಂದು ಅಕ್ಷರ ಬಾರದು. ನಾಗವೇಣಿಯ ಮೇಜಿನ ಮೇಲೂ ಅಂಥದೇ ಮುದ್ರೆ ಹಾಕಿದ, ನಮ್ಮ ಜೋಗುಳದ ಗುಂಡಿ.

ಬಂದ ದಿನವೇ ಲಾರೋ ಎಲ್ಲರನ್ನೂ ಬೆಚ್ಚಿಬೀಳಿಸಿದ್ದ. ನರೆತ ಗಡ್ಡದ ಆ ಪರದೇಶಿ ಕೂತವನೇ, “ಎಂತ ಮಾರಾಯ್ರೆ, ಒಂದು ಚಾ ಸಿಗೂದ್ಯ?” ಎಂದಿದ್ದ. ಏಳು ವರ್ಷ ನೀರಿನಡಿಯ ಕಿವಿಗಳಿಂದ ಈ ದಂಡೆಯ ಬೋಟುಗಳ ಮಾತು ಕೇಳಿ ಕೇಳಿ ಕನ್ನಡ ಕಲಿತಿದ್ದನಂತೆ. ಮೀನುಗಾರರಿಂದ ಕಲಿತದ್ದು, ಬೈಗುಳ ಯಾವುದು, ಉಪಚಾರ ಯಾವುದು ಎಂದು ಅವನಿಗೆ ಇನ್ನೂ ಪೂರ್ತಿ ತಿಳಿದಿರಲಿಲ್ಲ. ನಾಗವೇಣಿ ಅವನಿಗೆ ಚಹಾ ಕೊಡುತ್ತಿದ್ದಳು, ಮುಖ ಕೊಡುತ್ತಿರಲಿಲ್ಲ. ಇವನ ಕಡೆಯವರ ಆಮೆ ತನ್ನ ಗಂಡನನ್ನು ತಿಂದಿದೆ ಎಂಬುದನ್ನು ಅವಳು ಒಂದು ಗಳಿಗೆಯೂ ಮರೆತಿರಲಿಲ್ಲ.

ಹೊತ್ತು ಏರಿತ್ತು. ಗೋಡೆಯ ತೆರೆಯ ಮೇಲೆ ನಮ್ಮ ಆಮೆಗಳು ಹಸಿರು ಚುಕ್ಕೆಗಳಾಗಿ ಕಾಣುತ್ತಿದ್ದವು. ಸ್ಪೀಕರಿನಲ್ಲಿ ಬೋಟಿನ ಇಂಜಿನ್ ಕೇಳಿಸಿತು, ಅದರ ಮೇಲೆ ಗುಮಟೆಯ ಪೆಟ್ಟು, ನಗು, ಒಂದು ಹಾಡು.

“ಅದು ದೇವಿದಾಸ,” ಲಾರೋ ತನಗೆ ತಾನೇ ಹೇಳಿಕೊಂಡ. “ಹಾಡೂಕೆ ಬರೂದಿಲ್ಲ, ಆದ್ರೂ ಬಿಡೂದಿಲ್ಲ.”

ನಾಗವೇಣಿಗೆ ನಗು ಬಂತು, ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡಳು. ಅಷ್ಟರಲ್ಲಿ ಇಂಜಿನ್ ನಿಂತಿತು.

ಕೆಟ್ಟಿತೇ? ಹಿಂದೆ ಬರುತ್ತಿದ್ದ ಎರಡನೇ ಬೋಟಿನದೂ ನಿಂತಿತು. ಮೂರನೆಯದೂ. ಗುಮಟೆ ಮಾತ್ರ ನಿಲ್ಲಲಿಲ್ಲ. ಅದರ ತಾಳಕ್ಕೆ ಸರಿಯಾಗಿ ಇನ್ನೊಂದು ಸದ್ದು ಶುರುವಾಯಿತು: ಛಪ್, ಛಪ್, ಛಪ್.

“ಏನು ಮಾಡ್ತಿದ್ದಾರೆ ಇವರು?” ಅವಳು ಎದ್ದೇ ನಿಂತಳು.

“ಹುಟ್ಟು ಹಾಕ್ತಿದ್ರು,” ಲಾರೋ ಹೇಳಿದ. “ಕಾಯಿ ಕೊಡೂಕೆ ಹೋಗೂವಾಗ ಇಂಜಿನ್ ಸದ್ದು ಮಾಡೂಕಾಗ. ಕಡಲರಾಜನ ಎದ್ರು ಕೈಯಿಂದ್ಲೇ ಹುಟ್ಟು ಹಾಕ್ಕಂಡು ಹೋಗ್ಬೇಕು. ಹೋದ ವಾರ ಬಲೆ ತೊಳೀತಾ ಮುದುಕ್ರು ಹುಡ್ರಿಗೆ ಹೇಳ್ತಿದ್ರು. ನಿಮಗೆ ಗೊತ್ತಿಲ್ವಾ?”

ಅವಳಿಗೆ ಗೊತ್ತಿರಲಿಲ್ಲ. ಯುದ್ಧದ ನಡುವೆ ಸೊಸೆಯಾಗಿ ಬಂದವಳು, ಹಬ್ಬವನ್ನೇ ಕಂಡವಳಲ್ಲ. ಊರಿಗೆಲ್ಲ ಗೊತ್ತಿರುವುದನ್ನು ಯಾರು ಯಾರಿಗೆ ಹೇಳುತ್ತಾರೆ? ಇಂಜಿನ್ ಬೋಟು ಎಂದು ಅತ್ತೆ ಹೇಳಿದ್ದು ಸುಳ್ಳಲ್ಲ. ಅಳಿವೆ ದಾಟುತ್ತಲೇ ಇಂಜಿನ್ ಆರಿಸುವುದು ಅವರಿಗೆ ಹೇಳುವಂಥ ಮಾತೇ ಅಲ್ಲ.

ಆಮೆಗಳಿಗೆ ಮಾತ್ರ ಹುಟ್ಟಿನ ಸದ್ದೆಂದರೆ ಶತ್ರು. ಎರಡು ಚಳಿಗಾಲಗಳ ಹಿಂದೆ ದ್ವೀಪದ ಸೈನಿಕರು ಸದ್ದಿಲ್ಲದೆ ಹುಟ್ಟು ಹಾಕಿಕೊಂಡು ಬಂದು ಎಣ್ಣೆಯ ತೊಟ್ಟಿಗಳಿಗೆ ಬೆಂಕಿ ಇಟ್ಟಿದ್ದರು. ಆಮೇಲೆ ಕಮೋಡೋರರು ಹುಟ್ಟಿನ ಸದ್ದನ್ನು ಶತ್ರುವಿನದೆಂದು ಕಲಿಸಲು ಹೇಳಿದ್ದರು. ‘ನಮ್ಮವರ ದೋಣಿ?’ ಎಂದು ನಾಗವೇಣಿ ಕೇಳಿದ್ದಳು. ‘ಅಳಿವೆಯ ಆಚೆ ಹುಟ್ಟು ಹಾಕಿಕೊಂಡು ಯಾರು ಹೋಗುತ್ತಾರಮ್ಮ?’ ಎಂದಿದ್ದರು. ಸರಿಯೆನಿಸಿತ್ತು. ಅವಳೇ ಕಲಿಸಿದ್ದಳು, ಊರಿಗೆ ಹೇಳಬಾರದ ಗುಟ್ಟಿನ ಪಾಠ.

ತೆರೆಯ ಮೇಲೆ ಒಂದು ಚುಕ್ಕೆ ಹಳದಿಯಾಯಿತು. ಆಮೆ ಕಿವಿ ನಿಮಿರಿಸಿತ್ತು. ಖಚಿತವಾದ ಮೇಲೆ ಕೆಂಪಾಗುತ್ತದೆ, ಕೆಂಪಾದ ಮೇಲೆ ಏಳುತ್ತದೆ.

ಅವಳು ಫೋನು ಎತ್ತಿದಳು. ಸೈರನ್ ಕೂಗಿಸುವಂತಿಲ್ಲ, ಸೈರನ್ ಕೇಳಿದರೆ ದಂಡೆಗೆ ಓಡಬೇಕು ಎಂದು ಏಳು ವರ್ಷ ಕಲಿತವರು, ಇನ್ನಷ್ಟು ಜೋರಾಗಿ ಹುಟ್ಟು ಹಾಕುತ್ತಾರೆ. ಬೋಟುಗಳ ವೈರ್‌ಲೆಸ್ಸನ್ನು ನೌಕಾಪಡೆ ಎಂದೋ ಕಿತ್ತುಕೊಂಡಿತ್ತು. ಹೊಸ ಪಾಠ ಕಲಿಸಲು ಎರಡು ದಿನ. ಅತಿಥಿಗೃಹದಿಂದ ಬಿದ್ದಪ್ಪನವರು ಫೋನಿಗೆ ಬರುವಷ್ಟರಲ್ಲಿ ಇನ್ನೆರಡು ಚುಕ್ಕೆಗಳು ಹಳದಿಯಾದವು.

“ಜೋಗುಳ ನುಡಿಸಬೇಕು ಸರ್, ಈಗಲೇ. ಮೂರು ಬೋಟು, ಮೂವತ್ತು ನಲವತ್ತು ಜನ.”

“ನುಡಿಸಿದರೆ ಬಂದರು ಬೆತ್ತಲೆ. ಹೊರಗೆ ಅವರ ಹನ್ನೊಂದು ಹಡಗು ಕಾಯ್ತಿವೆ, ಗೊತ್ತಲ್ಲ? ಇದೇ ಅವರಿಗೆ ಬೇಕಾದದ್ದು.” ಅವರ ದನಿ ತಗ್ಗಿತು. “ನನಗೂ ಕಷ್ಟ ಆಗುತ್ತಮ್ಮ. ಆದರೆ ಮೂವತ್ತು ಜನಕ್ಕಾಗಿ ಮೂರು ಲಕ್ಷ ಜನರನ್ನ ಒತ್ತೆ ಇಡೋಕಾಗಲ್ಲ. ಮುದ್ರೆ ಮುಟ್ಟಬೇಡ.”

ಅವಳು ಫೋನು ಇಟ್ಟಳು. ಬಿದ್ದಪ್ಪನವರು ಕೆಟ್ಟವರೇನಲ್ಲ. ಅವರ ಜಾಗದಲ್ಲಿ ಕೂತು ನೋಡಿದರೆ ಲೆಕ್ಕವೂ ಸರಿಯೇ. ಆ ಲೆಕ್ಕದಲ್ಲಿ ಅತ್ತೆಯ ಅರಿಶಿನ ಮೆತ್ತಿದ ಕೈ ಎಲ್ಲೂ ಬರುತ್ತಿರಲಿಲ್ಲ, ಅಷ್ಟೆ.

“ನಮ್ಮದನ್ನ ಮಲಗಿಸಿದರೂ ನಿಮ್ಮವು ಎದ್ದಿರುತ್ತಲ್ಲ?” ಅವಳು ಲಾರೋನತ್ತ ತಿರುಗಿದಳು. “ಅದೇ ಜಾಗದಲ್ಲಿ ನಿಮ್ಮವೂ ಇವೆ. ನಿಮ್ಮ ಜೋಗುಳವನ್ನೂ ಹಾಕಿ. ದಮ್ಮಯ್ಯ ಅಂತೀನಿ.”

ಲಾರೋ ಪೆಟ್ಟಿಗೆಯ ಮೇಲೆ ಎರಡೂ ಕೈ ಊರಿ ಕೂತಿದ್ದ. ಹಿಂದಿನ ಕಾವಲಿನವನನ್ನು ಒಮ್ಮೆ ನೋಡಿದ. ಆಮೇಲೆ ಬಲೆಯ ವಿಷಯ ಮಾತಾಡುವವನ ಹಾಗೆ, ದನಿ ಏರಿಸದೆ ಹೇಳಿದ: “ನಮ್ಮದರ ಚಿಂತೆ ಬೇಡ. ನಮ್ಮವು ಕಚ್ಚೂದಿಲ್ಲ. ಮದ್ದಿಗೆ ಉಪ್ಪುನೀರು ಇಳ್ದು ಹಾಳಾಗಿ ಹೋಯ್ದು. ಕಿವಿ ಅದೆ, ಹಲ್ಲಿಲ್ಲ.”

ಅವಳು ಕಾವಲಿನವನ ಮುಖ ನೋಡಿದಳು, ಅವನಿಗೆ ಏನೂ ಅರ್ಥವಾಗಿರಲಿಲ್ಲ.

“ಇದು ಹೊರಗೆ ಬಿದ್ರೆ ನಿಮ್ಮ ಸಾಹೇಬ್ರು ಸಹಿ ಹಾಕೂದಿಲ್ಲ, ನಾಳೆಗೇ ನಮ್ಮ ಮೇಲೆ ಬತ್ರು. ಯುದ್ಧ ಮತ್ತೆ ಶುರು. ನನ್ನ ತಲೆಯಂತೂ ಹೋಯ್ತು. ನಿಮ್ಮ ದೇವಿದಾಸನ ಕೆಟ್ಟ ಹಾಡು ಏಳು ವರ್ಷ ಕೇಳಿದ್ದೆ. ಇವತ್ತು ಅದು ನಿಲ್ಲೂದು ಕೇಳೂಕೆ ನನ್ನತ್ರ ಆಗೂದಿಲ್ಲ.”

ಶತ್ರುವಿನ ಮಾತು. ನಂಬಿ ಕೆಟ್ಟರೆ ಊರೇ ಮುಳುಗಿತು. ಮೊದಲ ಚುಕ್ಕೆ ಹಳದಿಯಿಂದ ಕೆಂಪಿಗೆ ತಿರುಗತೊಡಗಿತು. ನಾಗವೇಣಿ ಉಗುರಿನಿಂದ ಅರಗನ್ನು ಕಿತ್ತು ಗುಂಡಿ ಒತ್ತಿದಳು.

ನೀರಿನಡಿ ಜೋಗುಳ ಹಬ್ಬಿತು. ಕೇಳುವುದಕ್ಕೆ ಚೆನ್ನಾಗಿಯೇನೂ ಇರಲಿಲ್ಲ, ತುಕ್ಕು ಹಿಡಿದ ಬಾಗಿಲು ತೆರೆದಂಥ ಸದ್ದು. ಕೆಂಪು ಚುಕ್ಕೆ ಆರಿತು, ಹಳದಿಗಳು ಆರಿದವು, ಹಸಿರು ಒಂದೊಂದಾಗಿ ಆರಿ ತೆರೆ ಕಪ್ಪಾಯಿತು. ಗುಮಟೆ ಬಡಿಯುತ್ತಲೇ ಇತ್ತು. ಬಂದರನ್ನು ಕಾಯಲು ಈಗ ಯಾರೂ ಇರಲಿಲ್ಲ.

ದೂರದಲ್ಲಿ ದಪ್ಪ ದನಿಯ ಇಂಜಿನೊಂದು ಗುಡುಗಿತು. ಅವರ ಯುದ್ಧದ ಹಡಗು. ಆಮೇಲೆ ಇನ್ನೊಂದು. ನಮ್ಮವು ಮಲಗಿದ್ದನ್ನು ಅವರ ಕಿವಿಗಳು ಕೇಳಿದ್ದವು. ನಾಗವೇಣಿ ಮೇಜಿನ ಅಂಚು ಹಿಡಿದುಕೊಂಡಳು. ಮಾಡಿದ್ದು ಸರಿಯೋ ತಪ್ಪೋ ಎನ್ನುವುದು ಇನ್ನು ಅವಳ ಕೈಯಲ್ಲಿರಲಿಲ್ಲ.

ಆಗ ಲಾರೋ ಯಾರ ಅಪ್ಪಣೆಯನ್ನೂ ಕೇಳದೆ ತನ್ನ ಪೆಟ್ಟಿಗೆಯ ಮುದ್ರೆ ಒಡೆದ. ಕಾವಲಿನವ ಬಂದೂಕು ಎತ್ತಿದ. ನಾಗವೇಣಿ ಇಬ್ಬರ ನಡುವೆ ಹೋಗಿ ನಿಂತಳು. ಇನ್ನೊಂದು ಜೋಗುಳ ನೀರಿಗಿಳಿಯಿತು, ಹಲ್ಲಿಲ್ಲದ ಆಮೆಗಳ ಟಿಕ್ ಟಿಕ್ ನಿಂತಿತು. ತಮ್ಮ ಕೇಳುಗನೂ ಮಾತು ಕೊಟ್ಟುಬಿಟ್ಟ ಎಂದು ಆ ಕಡೆಯ ಕಪ್ತಾನರಿಗೆ ಗೊತ್ತಾಯಿತು. ಅವರಿಗೂ ಏಳು ವರ್ಷ ಸಾಕಾಗಿತ್ತೋ ಏನೋ, ದಪ್ಪ ಇಂಜಿನುಗಳು ಗೊಣಗುತ್ತ ಗೊಣಗುತ್ತ ಸುಮ್ಮನಾದವು. ಕಡಲಿಗೆ ಕಾಯಿ ಬಿದ್ದ ಸಣ್ಣ ಸದ್ದೂ, ಹಿಂದೆಯೇ ಮೂರು ಬೋಟಿನವರು ಒಟ್ಟಿಗೆ ಕೂಗಿದ ಕೂಗೂ ಕೇಳಿಸಿತು.

ನಾಗವೇಣಿ ಕುರ್ಚಿ ಎಳೆದು ಕೂತಳು. ಆಗಿನಿಂದ ಮನಸ್ಸು ಕೂಡಿಸುತ್ತಿದ್ದ ಲೆಕ್ಕ ಬಾಯಿಗೆ ಬಂತು.

“ಯಾವಾಗಿನಿಂದ ಹಲ್ಲಿಲ್ಲ?”

ಲಾರೋ ಒಡೆದ ಅರಗಿನ ಚೂರುಗಳನ್ನು ಆರಿಸತೊಡಗಿದ.

“ಹೇಳಿ.”

“ಎರಡು ವರ್ಷ ಆಯ್ತು.”

“ಹಾಗಾದರೆ ಕಳೆದ ದೀಪಾವಳಿ...”

“ಕೇಳಬೇಡಿ ಮಾರಾಯ್ರೆ.”

“ನೀವು ಕೇಳಿದ್ದೀರಿ. ನನಗೂ ಹೇಳಿ.”

ಅವನು ತಲೆ ಎತ್ತದೆ ಹೇಳಿದ. “ಇಂಜಿನ್ ಬಂದ್ ಬಿತ್ತು. ಅಳಿವೆ ಹತ್ರವೇ ಅದೆ, ಹುಟ್ಟು ಹಾಕ್ಕಂಡೇ ಹೋಗ್ವ, ಹಬ್ಬಕ್ಕೆ ಹೆಂಡ್ತಿ ಕಾಯ್ತಿದ್ದು ಅಂದ್ರು, ನಿಮ್ಮ ಯಜಮಾನ್ರು.”

ನಾಗವೇಣಿ ಅಳಲಿಲ್ಲ. ಹುಟ್ಟಿನ ಸದ್ದು ಕಲಿಸಿದ ದಿನ ಆಮೆಗಳು ಬೇಗ ಕಲಿತವೆಂದು ಹಿಗ್ಗಿ ಮನೆಗೆ ಹೋಗಿ, ಯಾವ ಪಾಠವೆಂದು ಬಾಯಿಬಿಡದೆ, ಗಂಡನಿಗೇ ಹೇಳಿದ್ದು ನೆನಪಾಯಿತು. ‘ನಿನ್ನಂಥ ಮೇಷ್ಟ್ರು ಸಿಕ್ಕರೆ ಕಲ್ಲೂ ಕಲೀತದೆ’ ಎಂದು ಉಮಾಕಾಂತ ನಕ್ಕಿದ್ದ.

ಮಧ್ಯಾಹ್ನದ ಹೊತ್ತಿಗೆ ಸಹಿ ಬಿತ್ತು. ನಾವಾಗಿಯೇ ಮೊದಲು ಮಲಗಿಸಿ ಔದಾರ್ಯ ತೋರಿದೆವು ಎಂದು ನಮ್ಮ ರಾಯಭಾರಿ ಭಾಷಣ ಮಾಡಿದರು. ನಮ್ಮ ಭೀಕರ ಆಮೆಗಳನ್ನು ಶಾಂತಿಗಾಗಿ ತ್ಯಾಗ ಮಾಡಿದೆವು ಎಂದು ಅವರ ರಾಯಭಾರಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಿದ್ದಪ್ಪನವರು ನಾಗವೇಣಿಯನ್ನು ಪಕ್ಕಕ್ಕೆ ಕರೆದು, “ನಿನ್ನನ್ನು ಸೆರೆಗೆ ಹಾಕಬೇಕಿತ್ತು. ಈಗ ಪದಕ ಕೊಡಬೇಕಾಗಿದೆ,” ಎಂದು ಹಲ್ಲು ಕಚ್ಚಿ ಹೇಳಿದರು. ಅವಳಿಗೆ ಎರಡೂ ಒಂದೇ ಆಗಿತ್ತು.

ಲಾರೋನನ್ನು ಅವನ ಹಡಗಿಗೆ ಕಳಿಸಲು ಜೆಟ್ಟಿಗೆ ಕರೆದುಕೊಂಡು ಹೋಗುವಾಗ ದಂಡೆಯ ತುಂಬ ಜನ. ದೇವಿದಾಸ ಯಾರದೋ ಹೆಗಲೇರಿ ಹಾಡುತ್ತಿದ್ದ. ಚಂದ್ರಭಾಗಿ ಕಾಯಿಚೂರಿನ ತಟ್ಟೆ ಹಿಡಿದು ಪ್ರಸಾದ ಹಂಚುತ್ತಿದ್ದವರು ನೇರ ಇವರ ಎದುರಿಗೇ ಬಂದು ನಿಂತರು.

“ಇಂವನೇ ಅಲ್ದಾ, ನಮ್ಮ ಮಾತು ಬರೂದು ಅಂತಿದ್ಯಲ, ಆ ಅವರ ಕಡೆಯವ?”

“ಹೌದು ಅತ್ತೆ.”

ಅತ್ತೆ ಲಾರೋನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಹೋದ ದೀವಳಿಗೆಗೆ ನನ್ನ ದೊಡ್ಡ ಮಗ ಹೋದ. ನಿಮ್ಮ ಆಮೆಯೇ ಅಲ್ದಾ?”

ಬಾಯಿ ತೆರೆಯಬೇಕೆಂದು ನಾಗವೇಣಿಯ ಜೀವ ಒದ್ದಾಡಿತು. ಆದರೆ ಆ ಕಡೆಯವಕ್ಕೆ ಹಲ್ಲಿರಲಿಲ್ಲ ಎನ್ನದೆ ‘ನಾನು ಕಲಿಸಿದ ಆಮೆಯೇ’ ಎನ್ನುವುದು ಹೇಗೆ? ಅತ್ತೆಗೆ ಹೇಳಿದ ಮಾತು ಸಂಜೆಯೊಳಗೆ ಮೀನುಪೇಟೆ ಮುಟ್ಟುತ್ತದೆ, ನಾಳೆ ಬಿದ್ದಪ್ಪನವರ ಕಿವಿ ಮುಟ್ಟುತ್ತದೆ. ಸಹಿಯ ಶಾಯಿ ಇನ್ನೂ ಆರಿರಲಿಲ್ಲ. ದೇವಿದಾಸನ ಹಾಡು ದಂಡೆಯಿಂದ ಕೇಳುತ್ತಿತ್ತು.

ಲಾರೋ ಅವಳತ್ತ ನೋಡಲಿಲ್ಲ. “ಹೌದು ಅಮ್ಮ,” ಎಂದ. “ನಮ್ಮದೇ.”

ಚಂದ್ರಭಾಗಿಯ ಕಣ್ಣು ತುಂಬಿ ಬಂತು, ಸೆರಗಿನಿಂದ ಒರೆಸಿಕೊಂಡರು. ಆಮೇಲೆ ತಟ್ಟೆಯಿಂದ ಒಂದು ದೊಡ್ಡ ಚೂರು ಆರಿಸಿ ಅವನ ಕೈಗೆ ಹಾಕಿದರು.

“ತಿನ್ನು. ಕಡಲಿಗೆ ಕಾಯಿ ಬಿಟ್ಟಾಯ್ತು, ಇನ್ನು ಸಿಟ್ಟು ಇಟ್ಕಂಬೂಕಾಗ. ನಿಂಗೂ ತಾಯಿ ಇರೂದು. ಹೋಗು ಮಗ, ನಾನು ಬಿಟ್ಟೆ.”

ಲಾರೋ ಚೂರನ್ನು ಹಿಡಿದುಕೊಂಡೇ ನಿಂತಿದ್ದ. ಅತ್ತೆ ಇನ್ನೊಂದು ಚೂರು ಎತ್ತಿ ಸೊಸೆಯ ಬಾಯಿಗೇ ಇಟ್ಟರು, ಕೈಯಲ್ಲಿ ಇನ್ನೂ ಅರಿಶಿನದ ವಾಸನೆ.

“ನಮ್ಮ ನಾಗವೇಣಿ ಅವತ್ತೇ ಹೇಳಿತ್ತು, ಅದು ಅವರದ್ದೇ ಅಂತ,” ಎಂದು ಲಾರೋನಿಗೆ ಹೇಳಿದರು. “ಅದ್ರ ಮಾತು ಯಾವತ್ತೂ ಸುಳ್ಳಾಗೂದಿಲ್ಲ.”

ಕಾಯಿ ಸಿಹಿಯಾಗಿತ್ತು. ನಾಗವೇಣಿ ಅದನ್ನು ಅಗಿದು ನುಂಗಿದಳು.